ಹುಳಿನೀರು ತಿಂದ ನಂಬರ್

ನೆಹಾಸೆ ೧೪

ಇದನ್ನು ಬರೆಯದೆ ಬಿಡುವವಳಿದ್ದೆ. ನಿನ್ನೆ ಮೂರು ಪುಟ ತುಂಬಿಸಿದೆ. ಸಾವಿನ ಮನೆಯ ವಿಷಯ, ಬಿಡದ ಮಳೆ, ಮಾತೆ ಮರಿಯಮಳ ಉಪವಾಸದಲ್ಲಿ ಕಡಲೆಹಿಟ್ಟಿನ ಗೊಜ್ಜು ತಿಂದು ನಾಲಿಗೆ ಸತ್ತುಹೋದದ್ದು, ಎಲ್ಲ ಇದೆ. ಎಂಜಿನ್ನಿನ ನಂಬರ್ ಹೋಯಿತು ಎಂಬುದೊಂದು ಇಲ್ಲ. ಹೋದದ್ದೂ ಅಲ್ಲ. ಅಳಿಸಿದವಳು ನಾನು.

ಶಾಲೆಗೆ ಮಳೆಗಾಲದ ರಜೆ ಶುರುವಾದ ವಾರವೇ ಹಿರಿಯರೆಂದು ಎಲ್ಲರೂ ಗಾಶೆ ಎನ್ನುವ ಮೆಕ್ಯಾನಿಕ್ ಮೆಂಗೆಶಾ ಬಂದು ನನ್ನ ಬೀಟಲ್ ಕಾರಿನ ಎಂಜಿನ್ ಇಳಿಸಿ, ಅಡುಗೆಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನ ಕೆಳಗೆ ಬಿಚ್ಚಿಟ್ಟಿದ್ದರು. ನಲವತ್ತು ವರ್ಷದಿಂದ ಅವರು ಬೀಟಲ್ ಬಿಟ್ಟು ಬೇರೆ ಕಾರಿಗೆ ಪಾನಾ ಹಾಕಿದವರಲ್ಲ. ರಸ್ತೆ ಅಗಲ ಮಾಡುವವರು ಅವರ ಗ್ಯಾರೇಜನ್ನು ಕೆಡವಿದ ಮೇಲೆ ಮನೆಮನೆಗೆ ಹೋಗಿ ಕೆಲಸ ಮಾಡುತ್ತಾರೆ. “ಬಿಚ್ಚೋದು ನಾನು, ಜೋಡ್ಸೋದು ನಾನು. ತೊಳೆಯೋಕೆ ಯಾರನ್ನಾದ್ರೂ ನೋಡ್ಕೊ ಟೀಚರ್” ಎಂದರು. ನಾನೇ ತೊಳೆಯುತ್ತೇನೆ ಎಂದೆ. ದೊಡ್ಡ ಗ್ಯಾರೇಜಿನವನೊಬ್ಬ “ಮೇಡಂ, ಹೊಸ ಎಂಜಿನ್ ತಗೊಳ್ಳಿ, ಇದೆಲ್ಲ ನಿಮಗೆ ಆಗಲ್ಲ” ಎಂದದ್ದು ಇನ್ನೂ ಕಿವಿಯಲ್ಲಿತ್ತು.

ಆಯಿತು, ನನಗೆ ಆಯಿತು. ಬೀಡುಕಬ್ಬಿಣದ ಸಿಲಿಂಡರ್‌ಗಳ ರೆಕ್ಕೆಸಂದಿಗಳನ್ನು ಸೀಮೆಎಣ್ಣೆ ಹಾಕಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಗಾಳಿ ತಿರುಗಿಸುವ ತಗಡುಗಳಿಗೆ ತುಕ್ಕು ಹತ್ತಿತ್ತು. ಅವನ್ನು ಎರ್ಶೊದಲ್ಲಿ ಮುಳುಗಿಸಿಟ್ಟೆ. ದಿನದ ಊಟದ ಇಂಜೆರಾ ರೊಟ್ಟಿಯ ಹಿಟ್ಟು ಹುದುಗು ಬಂದಾಗ ಮೇಲೆ ನಿಲ್ಲುತ್ತದಲ್ಲ, ಆ ಹಳದಿ ಹುಳಿನೀರು. ದೊಡ್ಡಮ್ಮ ಅಸ್ಕಾಲೆ ಹೆಂಚಿನ ಮುಚ್ಚಳದ ತುಕ್ಕು ತೆಗೆಯುವುದೇ ಅದರಲ್ಲಿ. ಮೂರನೆಯ ದಿನ ತಗಡುಗಳು ಬೆಳ್ಳಗೆ ಎದ್ದು ಬಂದವು. ಬೂದಿಯಲ್ಲಿ ಉಜ್ಜಿ, ಒಣಗಿಸಿ, ಕಪ್ಪು ಬಣ್ಣ ಹೊಡೆದು, ಬಿರುಕುಬಿಟ್ಟ ಹಳೇ ಹೆಂಚಿನ ಮೇಲೆ ಹದವಾಗಿ ಕಾಯಿಸಿದೆ. ದೊಡ್ಡಮ್ಮ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವ ಹಾಗೆ, “ಬನ್ರಮ್ಮ, ಇಂಜೆರಾ ಹುಯ್ಯೋ ಹೆಂಚಲ್ಲಿ ಕಾರು ಬೇಯಿಸ್ತಾಳೆ ನೋಡ್ಬನ್ನಿ” ಎಂದಳು.

ಆ ಗೆಲುವು ತಲೆಗೇರಿತು. ಎಂಜಿನ್ ಕೇಸಿನ ಮೇಲೆ, ಡೈನಮೊ ಕೂರುವ ಕಾಲಿನ ಕೆಳಗೆ, ಎರಡು ಬೆರಳಗಲದ ಜಾಗದಲ್ಲಿ ನಂಬರ್ ಹೊಡೆದಿರುತ್ತದೆ. ಕೊಳೆ ಕರಕಾಗಿ ಅದು ಮಸುಕಾಗಿತ್ತು. ಕಾರಿನ ಪರೀಕ್ಷೆಯಲ್ಲಿ ಅದನ್ನು ಓದಬೇಕು, ಸ್ವಚ್ಛವಾಗಲಿ ಎಂದು ಎರ್ಶೊದಲ್ಲಿ ಅದ್ದಿದ ಬಟ್ಟೆಯೊಂದನ್ನು ಅದರ ಮೇಲೆ ಹೊದಿಸಿದೆ. ಒಂದು ಗಂಟೆ ಸಾಕು ಎಂದುಕೊಂಡಿದ್ದೆ. ಅಷ್ಟರಲ್ಲಿ ಸಾವಿಗೆ ನೆರವಾಗುವ ನಮ್ಮ ಓಣಿಯ ಇದ್ದಿರ್ ಸಂಘದ ಕೂಗುವವನು ಬಂದ. ಮೂಲೆಮನೆಯ ಅಜ್ಜ ತೀರಿಕೊಂಡಿದ್ದರು. ಸಾವಿನ ಮನೆಗೆ ಬಂದವರಿಗೆ ಬಡಿಸುವ ಸರದಿ ನಮ್ಮ ಸಾಲಿನ ಹೆಂಗಸರದು. ಎರಡು ದಿನ ಹೋದೆ, ಮಲಗಲು ಮಾತ್ರ ಮನೆಗೆ ಬಂದೆ. ಬಟ್ಟೆ ನೆನಪಾಗಲಿಲ್ಲ.

ಎತ್ತಿ ನೋಡಿದಾಗ ಅದರಡಿ ನೊರೆ ಒಣಗಿ ಉಪ್ಪಿನ ಹಾಗೆ ಕೂತಿತ್ತು. ಒರೆಸಿದರೆ ಲೋಹವೆಲ್ಲ ಸಿಡುಬಿನ ಮುಖ. ಒಂದು ಒಂಬತ್ತರ ಬಾಲ, ಒಂದು ಸೊನ್ನೆಯ ಬೆನ್ನು, ಅಷ್ಟೇ ಉಳಿದಿತ್ತು. ಆ ಸಿಡುಬನ್ನು ನೋಡಲಾರದೆ ಎಮರಿ ಕಾಗದ ತಗೊಂಡು ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದೆ. ಈಗ ಅಲ್ಲಿ ಬಾಲವೂ ಇಲ್ಲ, ಬೆನ್ನೂ ಇಲ್ಲ.

ಇರಲಿ. ಎಂಜಿನ್ ನಂಬರಿನಿಂದ ಓಡುವುದಿಲ್ಲ. ಮೆಸ್ಕೆರೆಮ್ ಒಂದು, ಹೊಸ ವರ್ಷದ ದಿನ, ಇದೇ ಕಾರಿನಲ್ಲಿ ತಮ್ಮನ ಮನೆಯ ಗೇಟಿಗೆ ಹೋಗಿ, ಅವನು ಹೊರಗೆ ಬರುವವರೆಗೆ ಹಾರ್ನ್ ಹೊಡೆಯುತ್ತೇನೆ. ಬರೆದಿಟ್ಟಿದ್ದೇನೆ.

ನೆಹಾಸೆ ೧೬

ಉಪವಾಸ ಮುಗಿಯಿತು. ಕೋಳಿ ಸಾರು. ತಮ್ಮ ಫಾಸಿಲ್ ಸದ್ದೇ ಮಾಡದ ಹೊಸ ವಿದ್ಯುತ್ ಕಾರಿನಲ್ಲಿ ಬಂದ. ಮಾಡಿನ ಕೆಳಗೆ ಸಾಲಾಗಿ ಜೋಡಿಸಿಟ್ಟ ನನ್ನ ತಗಡುಗಳನ್ನು ನೋಡಿದ. ಹೊಳೆಯುತ್ತಿದ್ದವು, ಹೊಳೆಯುತ್ತವೆ ಎಂದು ಅವನಿಗೂ ಕಂಡಿತು. ಆದರೂ, “ಎಟಿಯೆ, ಗುಜರಿಗೆ ಪೌಡರ್ ಹಚ್ಚಿದ್ದೀಯ” ಎಂದ. ನನಗಿಂತ ಏಳು ವರ್ಷ ಚಿಕ್ಕವನು. ಎಟಿಯೆ ಎಂದು ಅಕ್ಕನ ಮರ್ಯಾದೆ ಕೊಟ್ಟೇ ಮರ್ಯಾದೆ ಕಳೆಯುವುದು ಅವನಿಗೆ ಚೆನ್ನಾಗಿ ಬರುತ್ತದೆ.

ಊಟಕ್ಕೆ ಕೂತಾಗ ಅವನ ಕಣ್ಣು ನನ್ನ ಕೈ ಮೇಲೆ ಬಿತ್ತು. ಉಗುರಿನ ಸಂದಿಯ ಕಪ್ಪು ಏನು ಮಾಡಿದರೂ ಹೋಗುವುದಿಲ್ಲ.

“ಇದ್ದಿಲು ಮಾರೋಳ ಕೈ ಆಗಿದೆಯಲ್ಲ. ಈ ಕೈಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸ್ತೀಯಾ?”

“ಇಂಗ್ಲಿಷ್ ಬಾಯಲ್ಲಿ ಕಲಿಸೋದು ಕಣೋ.”

ಇಂಜೆರಾ ಹರಿದು, ಕೋಳಿ ತುಂಡು ಸೇರಿಸಿ, ದೊಡ್ಡದೊಂದು ತುತ್ತು ಕಟ್ಟಿ ಅವನ ಬಾಯಿಗೆ ಹಿಡಿದೆ. ಹಬ್ಬದ ದಿನ ಅಕ್ಕ ಹಿಡಿದ ತುತ್ತು. ಬೇಡವೆಂದರೆ ದೊಡ್ಡಮ್ಮ ಎದುರಿಗೇ ಕೂತಿದ್ದಾಳೆ. ಅವನು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದ. “ಸೀಮೆಎಣ್ಣೆ ರುಚಿ ಹೇಗಿದೆಯೋ?” ಎಂದು ದೊಡ್ಡಮ್ಮ ಕೇಳಿದಳು. ನಕ್ಕು ನಕ್ಕು ನನಗೆ ಕೆಮ್ಮು ಬಂತು.

ಇನ್ನೊಂದು ತುತ್ತು ಕೊಟ್ಟೆ. ಒಂದೇ ತುತ್ತು ಕೊಟ್ಟರೆ ಜಗಳವಂತೆ.

ನೆಹಾಸೆ ೧೯

ಗಾಶೆ ಮೆಂಗೆಶಾ ಬಂದು ಎಂಜಿನ್ ಜೋಡಿಸಿದರು. ಎರಡು ದಿನದ ಕೆಲಸ, ಇವತ್ತು ಮುಗಿಯಿತು.

ಒಂದೊಂದು ಭಾಗವನ್ನೂ ಬೆಳಕಿಗೆ ಹಿಡಿದು ನೋಡಿದರು. ಸಿಲಿಂಡರ್ ರೆಕ್ಕೆಗಳ ಸಂದಿಗೆ ಕಡ್ಡಿ ತೂರಿಸಿ ಎಳೆದರು, ಕಡ್ಡಿಗೆ ಏನೂ ಅಂಟಲಿಲ್ಲ. “ನಾನು ಐದು ಜನ ಹುಡುಗರನ್ನ ಇಟ್ಕೊಂಡಿದ್ದೆ ಟೀಚರ್. ಒಬ್ಬನಾದ್ರೂ ಹೀಗೆ ತೊಳೆದಿದ್ರೆ ಅವನಿಗೆ ಮಗಳನ್ನ ಕೊಡ್ತಿದ್ದೆ” ಎಂದರು. ಈ ಮಾತನ್ನು ಯಾಕೆ ಬರೆದುಕೊಳ್ಳುತ್ತಿದ್ದೇನೋ. ಬರೆದುಕೊಳ್ಳಬೇಕೆನ್ನಿಸಿತು.

ಚಹಾ ಕುಡಿಯುವಾಗ ಹೊಸ ಜಾಗದ ಮಾತು ಬಂತು. ರಸ್ತೆಗೆ ಗ್ಯಾರೇಜು ಕಳೆದುಕೊಂಡ ಮೆಕ್ಯಾನಿಕ್‌ಗಳಿಗೆ ಸಾರಿಗೆ ಕಚೇರಿಯವರು ಊರ ಹೊರಗೆ ಶೆಡ್ಡು ಕೊಡುತ್ತಾರಂತೆ. ಪಟ್ಟಿಯಲ್ಲಿ ಅವರ ಹೆಸರು ಹನ್ನೊಂದನೆಯದು. ಮೆಸ್ಕೆರೆಮ್ ಎಂಟಕ್ಕೆ ಸಮಿತಿ ಕೂತು ಕೊನೆಯ ತೀರ್ಮಾನ. “ನನಗೆ ಅರವತ್ತೊಂಬತ್ತು. ಇನ್ನೊಂದು ಪಟ್ಟಿ ಬರೋವರೆಗೆ ನಾನಿರಲ್ಲ” ಎಂದು ನಗುತ್ತಲೇ ಹೇಳಿದರು.

ಡೈನಮೊದ ಕಾಲು ಕೂರಿಸುವಾಗ ಅವರು ತುಸು ಹೆಚ್ಚು ಹೊತ್ತು ಬಗ್ಗಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ಹೇಳಬೇಕಿತ್ತು. ಅವರಿಗೆ ಕಣ್ಣು ಮಂಜು, ಕಂಡಿರಲಾರದು ಎಂದುಕೊಂಡೆ. ಅವರು ನೆಟ್ಟಗಾಗಿ, ಸೊಂಟಕ್ಕೆ ಕೈ ಕೊಟ್ಟು, ನನ್ನ ಮುಖ ನೋಡಿ, “ಏನಾದ್ರೂ ಉಳಿದಿದೆಯಾ ಟೀಚರ್?” ಎಂದರು. ಬೋಲ್ಟಿನ ಮಾತು ಎಂದುಕೊಂಡು, “ಏನೂ ಉಳಿದಿಲ್ಲ ಗಾಶೆ” ಎಂದೆ.

ಸಂಜೆ ಎಂಜಿನ್ ಹತ್ತಿತು. ಆ ಸದ್ದು! ಡಬ್ಬಿಯಲ್ಲಿ ಕಾಳು ಅಲುಗಾಡಿಸಿದ ಹಾಗಿನ ಹಳೆಯ ಸದ್ದು, ಆದರೆ ಒಂದು ಕಾಳೂ ತಪ್ಪಿಲ್ಲ. ದೊಡ್ಡಮ್ಮ ಕೊಟ್ಟಿಗೆಯಿಂದಲೇ ನಾಲಿಗೆ ಆಡಿಸಿ ಲುಲುಲು ಎಂದು ಉಲಿದಳು, ಮದುವೆಮನೆಯಲ್ಲಿ ಉಲಿಯುವ ಹಾಗೆ. ನಲ್ಲಿಯ ಹತ್ತಿರದ ಹೆಂಗಸರೂ ಉಲಿದರು. ಇವರೇ ಹೋದ ತಿಂಗಳು ನನ್ನ ಬಕೆಟ್ಟಿನ ಕಪ್ಪುನೀರು ನೋಡಿ ಮೂಗು ಮುಚ್ಚಿದ್ದವರು.

ನೆಹಾಸೆ ೨೪

ಕಾರನ್ನು ಸಾರಿಗೆ ಕಚೇರಿಯ ಪರೀಕ್ಷೆಗೆ ಒಯ್ದೆ. ಗಾಜಿನ ಮೇಲಿನ ಬೋಲೊ ಚೀಟಿ ಈ ವರ್ಷದ್ದು ಬೇಕಾದರೆ ಅಲ್ಲಿ ಪಾಸಾಗಲೇಬೇಕು. ಬ್ರೇಕು ಸರಿ, ದೀಪ ಸರಿ, ಹೊಗೆ ಸರಿ. ಪರೀಕ್ಷೆಯವನು ಇನ್ನೂ ಹುಡುಗಮುಖದವನು. ಹಿಂದೆ ಎಂಜಿನ್ ಮೇಲಿನ ಮುಚ್ಚಳವೆತ್ತಿ, “ಅಬ್ಬ, ಇದನ್ನ ಮದುವೆ ಮಾಡಿಕೊಡ್ತೀರಾ?” ಎಂದ. ಸಂತೋಷವಾಯಿತು. ಆಮೇಲೆ ಟಾರ್ಚು ಹಿಡಿದು ನಂಬರ್ ಹುಡುಕಿದ. ಬಟ್ಟೆಯಿಂದ ಒರೆಸಿದ. ಬೆರಳಾಡಿಸಿದ. ಕಾರಿನ ಒಡೆತನದ ಲಿಬ್ರೆ ಪುಸ್ತಕದಲ್ಲಿ ಬರೆದ ನಂಬರನ್ನು ಎರಡು ಸಲ ಓದಿಕೊಂಡ. ನಗು ನಿಂತಿತು.

“ಇದು ಗ್ರೈಂಡರ್ ಕೆಲಸ.”

“ಗ್ರೈಂಡರ್ ಅಲ್ಲ.”

“ಕದ್ದ ಎಂಜಿನ್ನಿಗೆ ಹೀಗೇ ಮಾಡ್ತಾರೆ ಅಮ್ಮ. ದಿನಾ ನೋಡ್ತೀವಿ.”

“ಈ ಕಾರು ಹತ್ತೊಂಬತ್ತು ವರ್ಷದಿಂದ ನನ್ನದು. ಪ್ರತಿ ವರ್ಷ ಇಲ್ಲೇ ತಂದಿದ್ದೀನಿ. ನಿಮ್ಮದೇ ಕಡತ ತೆಗೆದು ನೋಡಿ.”

“ಕಾರು ನಿಮ್ಮದೇ. ಎಂಜಿನ್ ಯಾರದ್ದು ಅಂತ ಕೇಳ್ತಿದ್ದೀನಿ. ಇದನ್ನ ಬಿಚ್ಚಿದವರು ಯಾರು?”

“ಗಾಶೆ ಮೆಂಗೆಶಾ.”

“ಯಾವ ಮೆಂಗೆಶಾ? ಅತ್ತಿಮರದ ಕೆಳಗೆ ಬೀಟಲ್ ಮಾಡ್ತಿದ್ರಲ್ಲ, ಅವರಾ?”

“ಹೌದು.”

ಅವನು ಬರೆದುಕೊಂಡ. ನಾನು ಜೋರಾಗಿಯೇ ಜಗಳವಾಡಿ ಬಂದೆ. ಮೇಲಿನ ಅಧಿಕಾರಿಯ ಮೇಜಿನವರೆಗೂ ಹೋದೆ. ಹೆಂಗಸೊಬ್ಬಳು ಎಂಜಿನ್ ಫಳಫಳ ಮಾಡಿದರೆ ಕದ್ದದ್ದು ಎನ್ನುತ್ತೀರಿ, ಕೊಳಕಾಗಿ ತಂದವರಿಗೆ ಚೀಟಿ ಅಂಟಿಸುತ್ತೀರಿ ಎಂದೆ. ಸಾಲಿನಲ್ಲಿ ನಿಂತಿದ್ದ ಚಾಲಕರು ಶಿಳ್ಳೆ ಹಾಕಿದರು. ಚೀಟಿ ಕೊಡಲಿಲ್ಲ. ಕಾರನ್ನು ನೆಟ್ಟಗೆ ಮನೆಗೆ ಒಯ್ದು ನಿಲ್ಲಿಸಿ, ಹೊರಗೆ ತರಬೇಡಿ ಎಂದರು.

ಅವನು ಕೇಳಿದ್ದು, ಬಿಚ್ಚಿದವರು ಯಾರು ಎಂದು. ಬಿಚ್ಚಿದ್ದು ಗಾಶೆಯೇ. ನಾನು ಸುಳ್ಳು ಹೇಳಲಿಲ್ಲ.

ನೆಹಾಸೆ ೨೫

ಸುಳ್ಳು ಹೇಳಲಿಲ್ಲ ಎಂದು ನಿನ್ನೆ ಬರೆದಿದ್ದೇನೆ. ಓದಿ ನೋಡಿದೆ. ಸುಳ್ಳು ಹೇಳದವರು ಹಾಗೆ ಬರೆದಿಡುತ್ತಾರೆಯೇ?

ನೆಹಾಸೆ ೨೮

ಸುದ್ದಿ ಕೇಳಿ ಫಾಸಿಲ್ ಬಂದ. ಬಯ್ಯುತ್ತಾನೆ ಎಂದುಕೊಂಡಿದ್ದೆ. ಸಮಾಧಾನ ಹೇಳಿದ. ಅದು ಇನ್ನೂ ಕಷ್ಟ.

“ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊತೀಯ ಎಟಿಯೆ. ಹಳೇ ಪೇಟೆ ಸಂದಿಯಲ್ಲಿ ಹಳೆ ಸಾಮಾನು ಮಾರೋರು ಇದ್ದಾರಲ್ಲ, ಲಿಬ್ರೆ ತೋರಿಸಿದ್ರೆ ಅದೇ ನಂಬರ್ ಹೊಡೆದುಕೊಡ್ತಾರೆ. ನಿನ್ನದೇ ನಂಬರ್, ನಿನ್ನದೇ ಎಂಜಿನ್. ಯಾರಿಗೆ ಏನು ಮೋಸ?”

“ನೀನು ಹೊಡೆಸ್ತೀಯಾ ನಿನ್ನ ಕಾರಿಗೆ?”

“ನನ್ನ ಕಾರಿಗೆ ನಾನು ಹಿಟ್ಟಿನ ನೀರು ಕುಡಿಸಲ್ಲ. ಬೇಡವಾ? ಸರಿ. ಮುದುಕ ಮಾಡಿದ ಅಂತ ಒಂದು ದೂರು ಬರೆದುಕೊಡು. ನಿನಗೆ ಬೇರೆ ಎಂಜಿನ್ ಹಾಕ್ಕೊಳ್ಳೋಕೆ ಬಿಡ್ತಾರೆ. ಹೇಗೂ ಅವನ ಹೆಸರು ಹೇಳಿಬಿಟ್ಟಿದ್ದೀಯಲ್ಲ.”

“ಅವನು ಅಲ್ಲ. ಅವರು.”

“ಆಯ್ತಮ್ಮ, ಅವರು.”

ಹೊರಗೆ ಹೋಗು ಎಂದೆ. ಹಾಗೆ ಯಾವತ್ತೂ ಅಂದಿರಲಿಲ್ಲ. ಅವನು ಬಾಗಿಲಲ್ಲಿ ನಿಂತು, “ನಾನು ಹೇಳಿದ್ದರಲ್ಲಿ ತಪ್ಪೇನಿದೆ ಅದನ್ನಾದ್ರೂ ಹೇಳು” ಎಂದ. ಅವನು ಬಾಯಲ್ಲಿ ಹೇಳಿದ್ದನ್ನು ನಾನು ನಾಲ್ಕು ದಿನದ ಹಿಂದೆ ಮಾಡಿ ಬಂದಿದ್ದೆ.

ಮಧ್ಯಾಹ್ನ ಪೂರ್ತಿ ಕಾರಿನ ಬಂಪರ್ ತಿಕ್ಕಿದೆ. ಅದು ಮೊದಲೇ ಹೊಳೆಯುತ್ತಿತ್ತು.

ನೆಹಾಸೆ ೩೦

ಗಾಶೆಯ ಹೆಸರು ಶೆಡ್ಡಿನ ಪಟ್ಟಿಯಿಂದ ತೆಗೆದಿಟ್ಟಿದ್ದಾರೆ. ನಂಬರ್ ಅಳಿಸುವವರು ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರಂತೆ. ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಒಬ್ಬಳ ಗಂಡನ ಕಾರನ್ನೂ ಅವರೇ ನೋಡುತ್ತಿದ್ದದ್ದು. “ಇಷ್ಟು ವರ್ಷ ನಮ್ಮ ಕಾರಲ್ಲಿ ಏನೇನು ಬದಲಾಯಿಸಿದ್ದಾನೋ” ಎಂದಳು. ಬಿಂದಿಗೆ ಅಲ್ಲೇ ಬಿಟ್ಟು ಅವರ ಮನೆಗೆ ನಡೆದೆ.

ಗಾಶೆ ಮೆಟ್ಟಿಲ ಮೇಲೆ ಕೂತು ಹಳೇ ಬೋಲ್ಟುಗಳನ್ನು ಹಾಲಿನ ಡಬ್ಬಿಗಳಿಗೆ ಅಳತೆಯ ಪ್ರಕಾರ ಹಾಕುತ್ತಿದ್ದರು. ಕೂತ್ಕೊ ಎಂದರು. ನಾನು ನಿಂತೇ ಹೇಳಿದೆ.

“ನಂಬರ್ ನಾನು ಅಳಿಸಿದ್ದು ಗಾಶೆ. ಎರ್ಶೊ ಹಾಕಿ.”

“ಗೊತ್ತು.”

“ಯಾವಾಗ ಗೊತ್ತಾಯ್ತು?”

“ಡೈನಮೊ ಕಾಲು ಕೂರಿಸುವಾಗ. ಕಣ್ಣು ಮಂಜಾದ್ರೆ ಬೆರಳೂ ಮಂಜಾ?” ಒಂದು ಬೋಲ್ಟು ಎತ್ತಿ ಹಲ್ಲು ನೋಡಿ ಡಬ್ಬಿಗೆ ಹಾಕಿದರು. “ಏನಾದ್ರೂ ಉಳಿದಿದೆಯಾ ಅಂತ ಕೇಳಿದೆನಲ್ಲ. ಹೇಳ್ತೀಯ ಅಂತ ಕಾದೆ.”

ಕೂತೆ.

“ಕಚೇರಿಯವರು ಕರೆದಾಗ ನೀವು ಹೇಳಬಹುದಿತ್ತಲ್ಲ, ಆ ಹೆಂಗಸು ಮಾಡಿದ್ದು ಅಂತ?”

“ಎಂಜಿನ್ ನನ್ನ ಕೈಕೆಳಗಿತ್ತು ಅಂದೆ. ಅದು ನಿಜ. ಗಿರಾಕಿ ಹೆಸರು ಹೇಳಿ ಶೆಡ್ಡು ತಗೊಂಡ್ರೆ, ಆ ಶೆಡ್ಡಲ್ಲಿ ಕೂತು ನಾನು ಯಾರ ಕಾರು ಬಿಚ್ಚಲಿ?”

“ನಾನು ಹೋಗಿ ಹೇಳ್ತೀನಿ.”

“ಬೇಡ. ನಿನ್ನ ಎಂಜಿನ್ ಕಿತ್ಕೊಂಡು ಹೋಗ್ತಾರೆ. ನಂಬರ್ ಅಳಿಸಿದೆ ಅಂತ ಒಪ್ಪಿಕೊಂಡೋರನ್ನ ಯಾರೂ ಮನೆಗೆ ಕಳಿಸಿ ಕಾಫಿ ಕುಡಿ ಅನ್ನಲ್ಲ. ನಂದು ಹೋಗಿದ್ದು ಹೋಯ್ತು ಮಗಳೇ, ಬಿಡು.”

ಮಗಳೇ ಎಂದರು, ಟೀಚರ್ ಎನ್ನಲಿಲ್ಲ. ಅದಕ್ಕೇ ಇರಬೇಕು, ಮನೆಗೆ ಬಂದು ಹದಿನಾಲ್ಕನೆಯ ತಾರೀಖಿನ ಪುಟ ತೆಗೆದೆ. ಅದರಲ್ಲೂ ಒಂದು ಮಾತು ಬಿಟ್ಟಿದ್ದೇನೆ. ಎಂಜಿನ್ ಬಿಚ್ಚಿದ ದಿನವೇ ಗಾಶೆ ಕೇಸಿನ ಮೇಲೆ ಕೈಯಿಟ್ಟು ಹೇಳಿದ್ದರು: “ಈ ಬಿಳಿ ಲೋಹಕ್ಕೆ ಸೀಮೆಎಣ್ಣೆ ಒಂದೇ. ಹುಳಿ ತೋರಿಸಬೇಡ. ಕಬ್ಬಿಣ ಹುಳೀಲಿ ಸ್ನಾನ ಮಾಡುತ್ತೆ, ಇದು ಕರಗುತ್ತೆ.” ಕೇಳಿಸಿಕೊಂಡಿದ್ದೆ. ತಗಡುಗಳಿಗೆ ಆಗದ್ದು ಇದಕ್ಕೇನಾದೀತು, ಒಂದು ಗಂಟೆ ತಾನೆ ಎಂದುಕೊಂಡೆ. ಸಾವಿನ ಮನೆಯನ್ನು ಮುಂದಿಟ್ಟು ಅದರ ಹಿಂದೆ ಕೂತೆ. ಸತ್ತ ಅಜ್ಜನಿಗೂ ನನ್ನ ನಂಬರಿಗೂ ಏನು ಸಂಬಂಧ?

ಬೇಡ ಎಂದು ಗಾಶೆ ಹೇಳಿದ್ದಾರೆ. ಒಮ್ಮೆ ಅವರ ಮಾತು ಮೀರಿ ಇಷ್ಟಾಯಿತು. ಇನ್ನೊಮ್ಮೆ ಮೀರುತ್ತೇನೆ.

ಪಗುಮೆ ೧

ವರ್ಷದ ಬಾಲದಂಥ ಹದಿಮೂರನೆಯ ತಿಂಗಳು. ಈ ಸಲ ಐದೇ ದಿನ. ಕಚೇರಿಗಳಲ್ಲಿ ಯಾರಿಗೂ ಕೆಲಸದ ಮೇಲೆ ಮನಸ್ಸಿಲ್ಲ.

ಸಾರಿಗೆ ಕಚೇರಿಯ ಗುಮಾಸ್ತ ನನ್ನ ಕಾಗದ ಓದಿ ಪಕ್ಕದವನಿಗೆ ಕೊಟ್ಟ. ಅವನು ಓದಿ ನಕ್ಕ.

“ಅಮ್ಮ, ಬೇರೆಯವರ ಮೇಲೆ ದೂರಾದ್ರೆ ಫಾರಂ ಇದೆ. ನಿಮ್ಮ ಮೇಲೆ ನೀವೇ ಕೊಡೋಕೆ ಫಾರಂ ಇಲ್ಲ.”

“ಬಿಳಿ ಹಾಳೆಯಲ್ಲಿ ಬರೆದಿದ್ದೀನಲ್ಲ.”

“ಇಂಜೆರಾ ಹಿಟ್ಟಿನ ನೀರಲ್ಲಿ ಎಂಜಿನ್ ನಂಬರ್ ಹೋಗುತ್ತಾ? ನಮ್ಮಮ್ಮ ದಿನಾ ಅದರಲ್ಲಿ ಕೈ ಅದ್ದುತ್ತಾಳೆ, ಬೆರಳು ಹತ್ತೂ ಇವೆ. ಆ ಮುದುಕ ಹೇಳಿಕೊಟ್ಟು ಕಳಿಸಿದ್ದಾನೆ.”

“ಮೇಷ್ಟ್ರ ಕೆಲಸ ನಂದು. ಬೇರೆಯವರು ಹೇಳಿಕೊಟ್ಟದ್ದನ್ನ ಬರೆದು ತಂದವರಿಗೆ ನಾನು ಸೊನ್ನೆ ಹಾಕ್ತೀನಿ.”

ಕಾಗದ ವಾಪಸು ಮಾಡಿದ. ಬಾಗಿಲ ಹತ್ತಿರ ಕಡತ ಹೊಲಿಯುತ್ತಿದ್ದ ವಯಸ್ಸಾದ ಹೆಂಗಸು ತಲೆ ಎತ್ತದೆ, “ರಿಜಿಸ್ಟರ್ ಅಂಚೇಲಿ ಕಳಿಸು ತಾಯಿ. ಬಂದ್ರೆ ಇವರು ಸಹಿ ಹಾಕ್ಲೇಬೇಕು. ಸಹಿ ಬಿದ್ದದ್ದು ಸಮಿತಿ ಮುಂದೆ ಹೋಗ್ಲೇಬೇಕು” ಎಂದಳು.

ಆದರೆ ಬರೀ ಕಾಗದ ಹೋದರೆ ಸಮಿತಿಯವರೂ ನಗುತ್ತಾರೆ. ಗ್ರೈಂಡರ್ ಅಲ್ಲ, ಎರ್ಶೊ ಎಂದು ಅವರ ಬೆರಳಿಗೇ ಗೊತ್ತಾಗಬೇಕು.

ಕಾರಿನ ಚಕ್ರಕ್ಕೆ ಅಡ್ಡ ಇಡಲು ಗಾಶೆ ಒಡೆದ ಹಳೇ ಕೇಸಿನ ಚೂರೊಂದನ್ನು ತಂದಿದ್ದರು. ಅದೇ ಬಿಳಿ ಲೋಹ. ಸಿಲಿಂಡರ್‌ಗಳಿಗೆ ಗುರುತು ಹೊಡೆಯುವ ಉಕ್ಕಿನ ಅಚ್ಚುಗಳೂ ಅವರ ಪೆಟ್ಟಿಗೆಯಲ್ಲಿ ಇಲ್ಲೇ ಉಳಿದಿವೆ, ಒಂದರಿಂದ ನಾಲ್ಕರವರೆಗೆ. ಚೂರಿನ ಮೇಲೆ ಮೂರು ಸ್ಥಳದಲ್ಲಿ ೧ ೨ ೩ ೪ ಎಂದು ಹೊಡೆದೆ. ಮೊದಲನೆಯ ಸಾಲಿನ ಮೇಲೆ ಚರ್ಚಿನ ಮೇಣದ ಬತ್ತಿ ಕರಗಿಸಿ ಸುರಿದೆ. ಉಳಿದೆರಡನ್ನು ಬಯಲಿಗೆ ಬಿಟ್ಟೆ.

ಎರ್ಶೊ ಕೇಳಿದರೆ ದೊಡ್ಡಮ್ಮ ಕೊಡುತ್ತಾಳೋ ಇಲ್ಲವೋ. ಎರಡೂವರೆ ವಾರದಿಂದ ಅವಳಿಗೆ ಎಲ್ಲ ಗೊತ್ತು, ಒಂದು ಮಾತೂ ಆಡಿರಲಿಲ್ಲ. ಗಡಿಗೆಯ ಮುಚ್ಚಳ ತೆಗೆದು ತಾನೇ ಬಗ್ಗಿಸಿ ತಂದಳು.

“ಹಬ್ಬದ ಇಂಜೆರಾಗೆ ಇಟ್ಟದ್ದು. ಸಾಕಾ?”

“ಸಾಕು ದೊಡ್ಡಮ್ಮ.”

“ಈ ಸಲ ಬಟ್ಟೆ ಮೇಲೆ ಕಲ್ಲಿಡು. ಗಾಳಿಗೆ ಹಾರಿತು ಅನ್ನಬೇಡ ಆಮೇಲೆ.”

ಪಗುಮೆ ೩

ರುಫಾಯೆಲ್ ದೇವದೂತನ ದಿನ. ಇವತ್ತಿನ ಮಳೆ ಆಕಾಶದ ಬಾಗಿಲು ತೆರೆದು ಬೀಳುವುದು. ಬೆಳಿಗ್ಗೆಯಿಂದ ಓಣಿಯ ಮಕ್ಕಳೆಲ್ಲ ಬರಿಮೈಯಲ್ಲಿ ಕಾದಿದ್ದರು. ಮಧ್ಯಾಹ್ನ ಸುರಿಯಿತು. ದೊಡ್ಡಮ್ಮ ಎಪ್ಪತ್ನಾಲ್ಕರಲ್ಲೂ ಬಿಳಿ ಶಾಲು ಹೊದ್ದು ಅಂಗಳದ ನಡುವೆ ನಿಂತು ನೆನೆದಳು, ಹಿಟ್ಟಿಗೆ ಹಾಕಲು ಗಡಿಗೆಯಲ್ಲಿ ಹಿಡಿದಳು.

ನಾನು ಕಲ್ಲು ತೆಗೆದೆ, ಬಟ್ಟೆ ತೆಗೆದೆ, ಚೂರನ್ನು ಮಳೆಗೆ ಹಿಡಿದೆ. ನೊರೆ ತೊಳೆದುಹೋಯಿತು. ಮೇಣ ಎಬ್ಬಿಸಿದೆ. ಅದರಡಿ ಒಂದರಿಂದ ನಾಲ್ಕು, ಈಗ ತಾನೇ ಹೊಡೆದ ಹಾಗೆ. ಎರಡನೆಯ ಸಾಲು ಸಿಡುಬು, ಒಂದು ಮೂರರ ಹೊಟ್ಟೆ ಮಾತ್ರ ಉಳಿದಿದೆ. ಮೂರನೆಯದೂ ಹಾಗೇ. ಆಮೇಲೆ ಎಮರಿ ಕಾಗದ ತಗೊಂಡು ಮೂರನೆಯ ಸಾಲನ್ನು ಅಂದು ತಿಕ್ಕಿದ ಹಾಗೆಯೇ ಕೈಯಲ್ಲಿ ತಿಕ್ಕಿದೆ. ನುಣ್ಣಗಾಯಿತು. ನನ್ನ ಎಂಜಿನ್ ಮೇಲಿರುವ ನುಣುಪೇ. ಕಾಲು ಗಂಟೆಯೂ ಬೇಕಾಗಲಿಲ್ಲ.

ಮಾಡಿದ್ದನ್ನೇ ಮತ್ತೆ ಬೇಕೆಂದು ಮಾಡಿ, ಚೂರನ್ನು ಒರೆಸಿಟ್ಟೆ.

“ತೋರಿಸು” ಎಂದಳು ದೊಡ್ಡಮ್ಮ. ಹೆಬ್ಬೆರಳಿನಿಂದ ಮೂರೂ ಸಾಲು ಸವರಿದಳು. “ಇಷ್ಟು ವರ್ಷ ಇದನ್ನ ನಾವು ತಿಂದಿದ್ದೀವಾ?”

ಪಗುಮೆ ೪

ಗಾಶೆ ಬಂದರು. ದೊಡ್ಡಮ್ಮನೇ ಹೇಳಿ ಕಳಿಸಿದ್ದಳಂತೆ. ಮೇಜಿನ ಮೇಲಿದ್ದ ಚೂರನ್ನೂ ಕಾಗದವನ್ನೂ ನೋಡಿ ಸಿಟ್ಟಾದರು.

“ನಾನು ಕೇಳಿದೆನಾ ನಿನ್ನ? ನನ್ನ ಪರವಾಗಿ ಕಾಗದ ಬರಿ ಅಂದೆನಾ?”

“ನಿಮ್ಮ ಪರವಾಗಿ ಬರೆದಿಲ್ಲ. ನಿಮ್ಮ ಹೆಸರು ಒಂದೇ ಸಲ ಬಂದಿದೆ, ಹುಳಿ ಮುಟ್ಟಿಸಬೇಡ ಅಂತ ನೀವು ಹೇಳಿದ್ದಿರಿ ಅಂತ. ಉಳಿದದ್ದೆಲ್ಲ ನನ್ನದು.”

“ಎಂಜಿನ್ ತಗೊಂಡು ಹೋಗ್ತಾರೆ.”

“ಹೋಗಲಿ.”

“ಆ ತಗಡು ಹಾಗೆ ಯಾರು ಮಾಡ್ತಾರೆ ಈ ಊರಲ್ಲಿ! ಅದೂ ಹೋಗುತ್ತೆ ಜೊತೇಲಿ.”

“ಇನ್ನೊಂದು ತಂದ್ಕೊಡಿ. ಹೇಗೆ ತೊಳೆಯೋದು ಅಂತ ಗೊತ್ತಲ್ಲ ಈಗ.”

ಅವರು ಚೂರನ್ನು ಕಿಟಕಿಯ ಹತ್ತಿರ ಒಯ್ದು ಉಗುರಿನಿಂದ ಕೆರೆದು, “ಮೇಣ ಚೆನ್ನಾಗಿ ಹಚ್ಚಿದ್ದೀಯ. ಅಂಚಿನಿಂದ ಹುಳಿ ಎಲ್ಲೂ ಒಳಗೆ ಹೋಗಿಲ್ಲ” ಎಂದರು. ಮತ್ತೆ, “ಹೀಗೇ ಕಳಿಸಿದ್ರೆ ದಾರೀಲಿ ಇನ್ನೂ ತಿನ್ನುತ್ತೆ. ಹುಳಿ ಒಳಗೆ ಕೂತಿರುತ್ತೆ. ಬೂದಿ ಕೊಡು.” ಬೂದಿನೀರಲ್ಲಿ ತೊಳೆದರು, ಒಲೆಯ ಮುಂದೆ ಒಣಗಿಸಿದರು, ಚಿಂದಿಗೆ ಎರಡು ಹನಿ ಎಂಜಿನ್ ಎಣ್ಣೆ ಹಾಕಿ ಮೈಯೆಲ್ಲ ಸವರಿದರು, ಮೇಣಗಾಗದದಲ್ಲಿ ಸುತ್ತಿದರು. ಮೂಲೆ ಮಡಚುವಾಗ ಹಸುಗೂಸಿಗೆ ಬಟ್ಟೆ ಸುತ್ತಿದ ಹಾಗೆ ಮಡಚಿದರು.

ಊಟಕ್ಕೆ ನಿಲ್ಲಿಸಿಕೊಂಡೆವು. ತುತ್ತು ಕಟ್ಟಿ ಹಿಡಿದೆ. ತಿಂದರು. “ಉಪ್ಪು ಕಮ್ಮಿ” ಎಂದರು. ದೊಡ್ಡಮ್ಮನಿಗೂ ಅವರಿಗೂ ಆ ಉಪ್ಪಿನ ಮೇಲೆ ಜಗಳ ಹತ್ತಿಕೊಂಡು ಕಾಫಿ ಮೂರನೆಯ ಸುತ್ತಿಗೆ ಬರುವವರೆಗೂ ನಡೆಯಿತು.

ಪಗುಮೆ ೫

ವರ್ಷದ ಕೊನೆಯ ದಿನ. ಹುಡುಗಿಯರು ಹಳದಿ ಹೂ ಹಿಡಿದು ಬಾಗಿಲಿಗೆ ಬಂದು ಹಾಡಿ ಹೋದರು. ಫಾಸಿಲ್ ಫೋನ್ ಮಾಡಿದ. ನಾಳೆ ಕಾರು ಕಳಿಸಲಾ ಎಂದ. ಬೇಡ, ನಡೆದು ಬರುತ್ತೇನೆ, ನೀನು ಕೋಳಿ ಖಾರ ಮಾಡಿಸು ಎಂದೆ. ಆಮೇಲೆ, “ಎಟಿಯೆ, ದೊಡ್ಡಮ್ಮ ಹೇಳಿದಳು, ನಿನ್ನ ಮೇಲೆ ನೀನೇ ಕೊಡೋ ಆ ಕಾಗದ ಬರೆದ್ಯಾ?” ಎಂದ. ಬರೆದೆ. “ನನ್ನ ಹೆಸರು ಹಾಕಿಲ್ಲ ತಾನೆ?” ಇಬ್ಬರೂ ನಕ್ಕೆವು.

ಕಾಗದವನ್ನು ನಾಲ್ಕನೆಯ ಸಲ ಬರೆದೆ. ಮೊದಲನೆಯದರಲ್ಲಿ ಎರಡು ಪುಟ ಇತ್ತು. ಈಗ ಹೀಗಿದೆ:

‘ಎಂಜಿನ್ ನಂಬರನ್ನು ಅಳಿಸಿದವಳು ನಾನು. ಮೆಂಗೆಶಾ ಅವರು ಮೊದಲೇ ಎಚ್ಚರಿಸಿದ್ದರು, ನಾನು ಕೇಳಲಿಲ್ಲ. ಪರೀಕ್ಷೆಯಲ್ಲಿ ಅವರ ಹೆಸರು ಹೇಳಿ ನನ್ನ ಹೆಸರು ಹೇಳದೆ ಬಂದೆ. ಹೇಗೆ ಅಳಿಸಿದೆ ಎಂಬುದನ್ನು ಇದರೊಂದಿಗಿರುವ ಲೋಹದ ಚೂರು ತೋರಿಸುತ್ತದೆ. ದಯವಿಟ್ಟು ಬೆರಳಿನಿಂದ ಮುಟ್ಟಿ ನೋಡಿ. ಇನ್ನೂ ನಂಬಿಕೆ ಬಾರದಿದ್ದರೆ ಸಮಿತಿಯ ಮುಂದೆ ಬಂದು ಮಾಡಿ ತೋರಿಸುತ್ತೇನೆ. ಎರ್ಶೊ ನಾನೇ ತರುತ್ತೇನೆ. ಮೆಂತೆವಾಬ್ ದೆಬೆಬೆ, ಶಿಕ್ಷಕಿ, ಕಾರಿನ ಒಡತಿ.’

ಕಟ್ಟನ್ನು ದಾರದಿಂದ ಬಿಗಿದು ಲಿಬ್ರೆ ಪುಸ್ತಕದ ಪಕ್ಕದಲ್ಲಿಟ್ಟಿದ್ದೇನೆ. ಕೈಯಲ್ಲಿ ಹಿಡಿದರೆ ಒಂದು ಇಂಜೆರಾದಷ್ಟೇ ತೂಕ. ಸಮಿತಿ ಕೂರುವುದು ಎಂಟಕ್ಕೆ. ನಾಳೆ ಹಬ್ಬ, ಅಂಚೆ ಕಚೇರಿ ಮುಚ್ಚಿರುತ್ತದೆ.

ಅಂಚೆಗೆ ಹಾಕುವುದು ಮೆಸ್ಕೆರೆಮ್ ೨, ಬಾಗಿಲು ತೆರೆಯುವ ಹೊತ್ತಿಗೆ.